ನೆಲ ಒತ್ತದಿದ್ದರೆ ಮೂಳೆ ಕರಗುತ್ತದೆ

ಅಂತರಿಕ್ಷದಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೆಂಬ ಮಾತನ್ನು ವಿಜ್ಞಾನ ಓದಿದವರೂ ಸಲೀಸಾಗಿ ಆಡುತ್ತಾರೆ. ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇ. 90ರ ಆಸುಪಾಸಿನಲ್ಲಿ ಇದ್ದೇ ಇದೆ. ನಿಲ್ದಾಣವೂ ಅದರೊಳಗಿನವರೂ ಒಂದೇ ಸಮನೆ ಬೀಳುತ್ತಿರುತ್ತಾರೆ. ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಮುಂದಕ್ಕೂ ಸಾಗುವುದರಿಂದ, ಬಿದ್ದಷ್ಟೂ ಭೂಮಿಯ ಮೈ ಕೆಳಕ್ಕೆ ಬಾಗಿ ತಪ್ಪಿಸಿಕೊಳ್ಳುತ್ತದೆ. ಹೀಗೆ ಜೊತೆಯಾಗಿ ಬೀಳುವವರ ಅಂಗಾಲನ್ನು ಯಾವ ನೆಲವೂ ತಿರುಗಿ ಒತ್ತುವುದಿಲ್ಲ. ಮೂಳೆಗೆ ಕಂಟಕವಾಗುವುದು ಈ ಒತ್ತಿನ ಕೊರತೆಯೇ.

ಮೂಳೆಯನ್ನು ನಾವು ಒಮ್ಮೆ ನೆಟ್ಟ ಕಲ್ಲುಕಂಬವೆಂದು ಭಾವಿಸುತ್ತೇವೆ. ಅದು ಸದಾ ದುರಸ್ತಿ ನಡೆಯುವ ಹಳೆಯ ಮನೆ: ಒಂದು ಬಗೆಯ ಜೀವಕೋಶಗಳು ಗೋಡೆ ಕೆಡವುತ್ತವೆ, ಇನ್ನೊಂದು ಬಗೆಯವು ಕಟ್ಟುತ್ತವೆ, ಗಾರೆಯೊಳಗೇ ಹುದುಗಿ ಕುಳಿತ ಮೂರನೆಯ ಬಗೆಯವು ಮೇಸ್ತ್ರಿಗಳಂತೆ, ಹೆಜ್ಜೆಯೂರಿದಾಗ ಮೂಳೆ ಕಣ್ಣಿಗೆ ಕಾಣದಷ್ಟು ಬಾಗುವುದನ್ನು ಗ್ರಹಿಸಿ ಎಲ್ಲಿ ಕಟ್ಟಬೇಕೆಂದು ತಿಳಿಸುತ್ತವೆ. ಮೂಳೆಯನ್ನು ಕಾಲುದಾರಿಗೂ ಹೋಲಿಸಬಹುದು. ತುಳಿಯುವವರಿರುವಷ್ಟು ದಿನ ಅದು ದಾರಿ, ಓಡಾಟ ನಿಂತರೆ ಒಂದೇ ಮಳೆಗಾಲಕ್ಕೆ ಹುಲ್ಲು. ಭಾರಕ್ಕೆ ತಕ್ಕಂತೆ ಮೂಳೆ ತನ್ನ ಕಟ್ಟಡವನ್ನು ಬದಲಿಸಿಕೊಳ್ಳುತ್ತದೆಂದು ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲೇ, ವಿಮಾನವೂ ಹಾರಿರದ ಕಾಲದಲ್ಲಿ, ಪ್ರತಿಪಾದಿಸಿದ್ದರು.

ವ್ಯಾಯಾಮವಿಲ್ಲದಿದ್ದರೆ ಗಗನಯಾತ್ರಿಯ ಸೊಂಟದ ಮೂಳೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಖನಿಜವನ್ನು ಕಳೆದುಕೊಳ್ಳುತ್ತದೆ. ಕರಗಿದ ಕ್ಯಾಲ್ಸಿಯಂ ಮೂತ್ರಕ್ಕಿಳಿದು ಕಲ್ಲಾಗುವ ಅಪಾಯವೂ ಉಂಟು. ಅಂಗಾಲಿನ ಗಡುಸು ಚರ್ಮ ಸಿಪ್ಪೆಯಂತೆ ಸುಲಿದು ಮಗುವಿನ ಪಾದದಷ್ಟು ಮೆತ್ತಗಾಗುತ್ತದೆ. ಕಂಬಿಗಳಿಗೆ ಸಿಕ್ಕಿಸಿ ನಿಲ್ಲುವ ಕಾರಣ ಪಾದದ ಮೇಲ್ಭಾಗವೇ ಜಡ್ಡುಗಟ್ಟುತ್ತದೆ.

1970ರ ಜೂನ್‌ನಲ್ಲಿ ಸೋವಿಯತ್ ನೌಕೆ ಸೋಯುಜ್-9ರಲ್ಲಿ ಸುಮಾರು 18 ದಿನ ಕಳೆದು ಇಳಿದ ಗಗನಯಾತ್ರಿಗಳಾದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ನೆಟ್ಟಗೆ ನಿಲ್ಲಲಾರದಷ್ಟು ಸೊರಗಿದ್ದರು. 1995ರ ಮಾರ್ಚ್‌ನಲ್ಲಿ, ರಷ್ಯಾದ ಮಿರ್ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ 437 ದಿನಗಳ ಬಳಿಕ ಮರಳಿದ ವೈದ್ಯ ವಲೇರಿ ಪೊಲ್ಯಕೋವ್ ನೌಕೆಯಿಂದ ಕುರ್ಚಿಯವರೆಗೆ ನಡೆದೇ ಹೋದರು. ಈ ಎರಡು ಯಾನಗಳ ನಡುವೆ ಬಂದದ್ದು ಕಟ್ಟುನಿಟ್ಟಿನ ವ್ಯಾಯಾಮ. ಇಂದಿಗೂ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ದಿನಕ್ಕೆ ಸುಮಾರು ಎರಡು ಗಂಟೆ ಅದಕ್ಕೇ ಮೀಸಲು. ಅಲ್ಲಿ ಕಬ್ಬಿಣದ ತೂಕಗಳಿಂದ ಪ್ರಯೋಜನವಿಲ್ಲವಾದ್ದರಿಂದ ನಿರ್ವಾತ ತುಂಬಿದ ಸಿಲಿಂಡರುಗಳ ಎದುರು ಮೈ ದಂಡಿಸುತ್ತಾರೆ. ನಿರ್ವಾತವನ್ನು 'ತುಂಬುವುದು' ವಿಚಿತ್ರ ಮಾತೇ ಸರಿ, ಆದರೆ ಅದರ ಎಳೆತ ನಿಜವಾದದ್ದು.

ಮಂಗಳದ ಸೆಳೆತ ಭೂಮಿಯದರ ಶೇ. 38ರಷ್ಟು. ಮೂಳೆಯ ಮೇಸ್ತ್ರಿಗಳಿಗೆ ಅಷ್ಟು ಸಾಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಅರೆಬರೆ ಸೆಳೆತದಲ್ಲಿ ಬಾಳಿದ ಅನುಭವ ನಮಗೆ ಅಷ್ಟು ಕಡಿಮೆ: ಚಂದ್ರನ ನೆಲದ ಮೇಲೆ ಮನುಷ್ಯ ಉಳಿದ ಅತಿ ದೀರ್ಘ ಅವಧಿಯೇ 1972ರ ಅಪೊಲೊ-17ರ ಸುಮಾರು 75 ಗಂಟೆ.