ಪದ ಪರಿಚಯ: ಅಂಟಿನ ಡಬ್ಬಿಯ ಮೇಲಿನ ‘ಡಿ3’ ಮತ್ತು ‘ಡಿ4’

ಮರದ ಅಂಟು ನೀರನ್ನು ಎಷ್ಟರ ಮಟ್ಟಿಗೆ ತಾಳಿಕೊಳ್ಳುತ್ತದೆ ಎಂಬುದನ್ನು ಡಿ1ರಿಂದ ಡಿ4ರವರೆಗಿನ ನಾಲ್ಕು ದರ್ಜೆಗಳಲ್ಲಿ ಹೇಳುವ ಗುರುತು ಇದು. ಯುರೋಪಿನ ಇಎನ್ 204 ಎಂಬ ಮಾನದಂಡ ಇದನ್ನು ನಿಗದಿಪಡಿಸಿದೆ. ಡಿ1 ಒಣ ಒಳಾಂಗಣಕ್ಕೆ ಮಾತ್ರ. ಡಿ2 ಅಪರೂಪಕ್ಕೊಮ್ಮೆ ತೇವ ತಾಗುವ ಒಳಾಂಗಣದ ವಸ್ತುಗಳಿಗೆ. ಜೇನುಪೆಟ್ಟಿಗೆ ಕಟ್ಟುವವರು ಈ ಎರಡನ್ನೂ ಮರೆತುಬಿಡಬಹುದು. ಡಿ3 ಎಂದರೆ ಪದೇ ಪದೇ ಸ್ವಲ್ಪ ಹೊತ್ತು ನೀರು ತಗಲುವ, ಇಲ್ಲವೇ ಹೊರಗಿದ್ದರೂ ಮಳೆ ನೇರವಾಗಿ ಹೊಡೆಯದ ಜೋಡಣೆಗೆ ಸಾಕಾಗುವ ಅಂಟು. ಡಿ4 ಗಾಳಿ ಮಳೆಗೆ ತೆರೆದುಕೊಂಡ ಜೋಡಣೆಗೂ ಆಗುತ್ತದೆ, ಆದರೆ ಮರದ ಮೇಲ್ಮೈಗೆ ಬಣ್ಣವೋ ಎಣ್ಣೆಯೋ ತಕ್ಕಷ್ಟು ರಕ್ಷಣೆ ಕೊಟ್ಟಿರಬೇಕು. ಈ ಷರತ್ತನ್ನು ಹಲವರು ಗಮನಿಸುವುದಿಲ್ಲ.

ಎರಡು ದರ್ಜೆಗಳ ಅಂತರ ಪರೀಕ್ಷೆಯಲ್ಲಿ ಸ್ಪಷ್ಟವಾಗುತ್ತದೆ. ಅಂಟಿಸಿದ ಬೀಚ್ ಮರದ ತುಂಡುಗಳನ್ನು ನಾಲ್ಕು ದಿನ ತಣ್ಣೀರಿನಲ್ಲಿ ಮುಳುಗಿಸಿಟ್ಟು, ಒದ್ದೆಯಿರುವಾಗಲೇ ಎಳೆದು ನೋಡುತ್ತಾರೆ. ಆಗ ಡಿ3 ಅಂಟು ಪ್ರತಿ ಚದರ ಮಿಲಿಮೀಟರಿಗೆ ಕನಿಷ್ಠ 2 ನ್ಯೂಟನ್ ಬಲವನ್ನು ತಡೆಯಬೇಕು, ಡಿ4 ಅಂಟು 4 ನ್ಯೂಟನ್ ತಡೆಯಬೇಕು. ಡಿ4ಕ್ಕೆ ಇದಲ್ಲದೆ ಆರು ಗಂಟೆ ಕುದಿಯುವ ನೀರಿನ ಪರೀಕ್ಷೆಯೂ ಇದೆ.

ಜೇನುಪೆಟ್ಟಿಗೆಗೆ ಹೊರಗಿನಿಂದ ಮಳೆ ಬೀಳುವುದು ಎಲ್ಲರಿಗೂ ಗೊತ್ತು. ಒಳಗಿನ ತೇವ ಕಡಿಮೆಯದೇನಲ್ಲ ಎಂಬುದು ಅಷ್ಟಾಗಿ ಹೊಳೆಯುವುದಿಲ್ಲ. ಹುಳುಗಳು ಮಕರಂದದ ನೀರನ್ನು ಆರಿಸಿ ಜೇನಾಗಿಸುವಾಗ ಹೊರಬರುವ ಆವಿಯೆಲ್ಲ ಪೆಟ್ಟಿಗೆಯೊಳಗೇ ಏಳುತ್ತದೆ, ಮರಿಗಳಿರುವ ಸಂಸಾರ ಕೋಣೆಯ ನಡುಭಾಗ 34–35 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುತ್ತದೆ, ಚಳಿಯಲ್ಲಿ ಅದೇ ಆವಿ ತಣ್ಣಗಿನ ಗೋಡೆಗೆ ತಾಗಿ ಹನಿಗಟ್ಟುತ್ತದೆ. ಹಲಗೆ ತನ್ನ ಎಳೆಗೆ, ಅಂದರೆ ಮರದ ನಾರು ಸಾಗುವ ದಿಕ್ಕಿಗೆ, ಅಡ್ಡವಾಗಿ ಉಬ್ಬುತ್ತ, ಕುಗ್ಗುತ್ತ ಇರುವುದರಿಂದ ಮೂಲೆಯ ಅಂಟಿನ ಗೆರೆಗೆ ಬಿಡುವೇ ಇಲ್ಲ. ಚೆನ್ನಾಗಿ ಬಣ್ಣ ಬಳಿದ ಪೆಟ್ಟಿಗೆಗೆ ಡಿ3 ಸಾಕೆನ್ನುವವರಿದ್ದಾರೆ, ಅದು ತಪ್ಪೂ ಅಲ್ಲ. ಆದರೂ ನೆಲದ ತೇವಕ್ಕೆ ಹತ್ತಿರವಿರುವ ಅಡಿಮಣೆಗೂ ಮುಚ್ಚಳಕ್ಕೂ ಡಿ4 ಬಳಸುವುದೇ ಸರಿ, ಮತ್ತು ಅದಕ್ಕಾಗಿ ಒಂದು ಡಬ್ಬಿ ತಂದ ಮೇಲೆ ಉಳಿದ ಭಾಗಗಳಿಗೆ ಬೇರೆ ಅಂಟು ಹುಡುಕುವುದರಲ್ಲಿ ಅರ್ಥವಿಲ್ಲ.

ಈ ದರ್ಜೆ ಹೇಳದ ಸಂಗತಿಗಳೂ ಇವೆ. ಬಿಳಿ ಅಥವಾ ಹಳದಿ ಬಣ್ಣದ ಸಾಮಾನ್ಯ ಮರದ ಅಂಟು ಪಾಲಿವಿನೈಲ್ ಅಸಿಟೇಟ್ ಬಗೆಯದು, ಕಾಯಿಸಿದರೆ ಮೆದುವಾಗುವ ಸ್ವಭಾವದ್ದು. ಶಾಖದ ತಾಳಿಕೆಗೆ ಬೇರೆಯೇ ಪರೀಕ್ಷೆಯಿದೆ. ಆದ್ದರಿಂದ ಪೆಟ್ಟಿಗೆಯನ್ನು 150–160 ಡಿಗ್ರಿಯ ಕಾದ ಮೇಣದಲ್ಲಿ ಅದ್ದಿ ಸೋಂಕು ತೊಲಗಿಸುವ ಯೋಚನೆಯಿದ್ದರೆ, ಡಬ್ಬಿಯ ಮೇಲೆ ಡಿ4 ಎಂದಿದ್ದರೂ ಅದೊಂದನ್ನೇ ನಂಬದೆ ಮೊಳೆ ಅಥವಾ ಸ್ಕ್ರೂ ಹಾಕಲೇಬೇಕು. ಹಾಗೆಯೇ, ಅಡ್ಡಕ್ಕೆ ಕತ್ತರಿಸಿದ ಹಲಗೆಯ ತುದಿ ಅಂಟನ್ನು ಹೀರಿಕೊಂಡುಬಿಡುತ್ತದೆ, ಅಲ್ಲಿ ಯಾವ ದರ್ಜೆಯ ಅಂಟೂ ಗಟ್ಟಿಯಾಗಿ ಹಿಡಿಯದು. ಬೆರಳಿಗೆ ಬೆರಳು ಕೂಡುವಂತೆ ಕೊರೆದ ಮೂಲೆ ಬಾಳುವುದಕ್ಕೆ ಕಾರಣ, ಅಲ್ಲಿ ಎಳೆಯ ಉದ್ದಕ್ಕಿರುವ ಮೈಗಳು ಒಂದಕ್ಕೊಂದು ತಾಗುವ ಜಾಗ ಹೆಚ್ಚು. ನನ್ನ ಮಟ್ಟಿಗೆ ಡಿ3, ಡಿ4 ಚರ್ಚೆಗಿಂತ ಇದು ದೊಡ್ಡ ವಿಷಯ.

ಪಾಲಿಯುರೆಥೇನ್ ಅಂಟಿನ ಡಬ್ಬಿಗಳ ಮೇಲೂ ಸಾಮಾನ್ಯವಾಗಿ ಡಿ4 ಎಂದೇ ಇರುತ್ತದೆ. ಅದು ತೇವವನ್ನು ಹೀರಿ ಗಟ್ಟಿಯಾಗುತ್ತದೆ, ನೊರೆಯುಕ್ಕಿ ಸಂದನ್ನು ತುಂಬುತ್ತದೆ. ಆದರೆ ಆ ನೊರೆಗೆ ಬಲವಿಲ್ಲ, ಸಡಿಲ ಜೋಡಣೆ ಭದ್ರವಾದಂತೆ ಕಾಣುತ್ತದೆ ಅಷ್ಟೆ. ಕೈಗೆ ಮೆತ್ತಿದರೆ ದಿನಗಟ್ಟಲೆ ಹೋಗದು, ಕೈಗವಸು ಬೇಕು. ಅಮೆರಿಕದ ಅಂಟುಗಳ ಮೇಲೆ ಟೈಪ್ 1, ಟೈಪ್ 2 ಎಂದಿರುತ್ತದೆ. ಅಲ್ಲಿ ಕುದಿಯುವ ನೀರಿನ ಪರೀಕ್ಷೆಯನ್ನು ದಾಟಿದ್ದು ಟೈಪ್ 1, ಅಂದರೆ ಸಂಖ್ಯೆ ಚಿಕ್ಕದಾದಷ್ಟೂ ಅಂಟು ಹೆಚ್ಚು ತಾಳಿಕೆಯದು. ಡಿ ಗುರುತಿನ ಲೆಕ್ಕ ಇದಕ್ಕೆ ತಿರುಗುಮುರುಗು.

ಹುಳುಗಳು ಎರಿ ಕಟ್ಟುವ ಒಳಗಿನ ಚೌಕಟ್ಟುಗಳಿಗೆ ಮಳೆಯ ಭಯವಿಲ್ಲದ ಕಾರಣ ಡಿ3 ಧಾರಾಳವಾಗಿ ಸಾಕು. ಆದರೆ ಹುಳುಗಳು ಪ್ರೋಪೋಲಿಸ್ ಎಂಬ ಜಿಗುಟು ರಾಳದಿಂದ ಬೆಸೆದ ಚೌಕಟ್ಟನ್ನು ಮೀಟಿ ಎತ್ತುವಾಗ ಎಲ್ಲ ಬಲವೂ ಮೇಲ್ಪಟ್ಟಿಯ ಜೋಡಣೆಯ ಮೇಲೆಯೇ ಬೀಳುವುದರಿಂದ, ಅಲ್ಲಿ ಅಂಟಿನ ಜೊತೆಗೆ ಮೊಳೆಯನ್ನೂ ಹೊಡೆಯಬೇಕು.