ಕಲ್ಲಚ್ಚಿನಲ್ಲಿ ರಂಗದ ನರ್ತಕಿ: ತುಲೂಸ್-ಲೊತ್ರೆಕ್ ಕುರಿತು ಅಧ್ಯಯನ ಟಿಪ್ಪಣಿ

ಯುರೋಪಿನ ಮುದ್ರಣಕಲೆಯಲ್ಲಿ ರಂಗಕಲಾವಿದರ ಚಿತ್ರಣವನ್ನು ಅಭ್ಯಾಸ ಮಾಡುವವರು ಫ್ರೆಂಚ್ ಚಿತ್ರಕಾರ ಆನ್ರಿ ದ ತುಲೂಸ್-ಲೊತ್ರೆಕ್‌ನಿಂದ (1864–1901) ತೊಡಗುವುದು ಒಳ್ಳೆಯದು. ಮುಖಚಹರೆಯ ಹೋಲಿಕೆಗೆ ಅಂಟಿಕೊಳ್ಳದೆ, ರಂಗದ ಮೇಲೆ ಪ್ರೇಕ್ಷಕರ ಕಣ್ಣು ಸೆಳೆಯುತ್ತಿದ್ದ ಒಂದೇ ಗುರುತಿನಲ್ಲಿ ಕಲಾವಿದೆಯನ್ನು ನಿಲ್ಲಿಸುವ ಧೈರ್ಯ ಅವನಿಗಿತ್ತು. ಆ ಧೈರ್ಯಕ್ಕೆ ತಕ್ಕ ಮಾಧ್ಯಮವಾಗಿ ಒದಗಿದ್ದು ಕಲ್ಲಚ್ಚು (ಲಿಥೋಗ್ರಫಿ).

ಜಿಡ್ಡಿಗೂ ನೀರಿಗೂ ಆಗದಿರುವುದೇ ಕಲ್ಲಚ್ಚಿನ ತತ್ತ್ವ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಶಾಯಿಯಲ್ಲಿ ಬರೆದು, ಗೋಂದು ಮತ್ತು ಆಮ್ಲದಿಂದ ಹದಗೊಳಿಸಿ, ಕಲ್ಲನ್ನು ಒದ್ದೆ ಮಾಡಿ ಶಾಯಿಯ ಉರುಳೆ ಹಾಯಿಸಿದರೆ, ಬರೆದ ಭಾಗ ಮಾತ್ರ ಶಾಯಿ ಹಿಡಿಯುತ್ತದೆ. ಇಲ್ಲಿ ಕೆತ್ತನೆಯಿಲ್ಲವಾದ್ದರಿಂದ ಕುಂಚದ ಓಟ ಇದ್ದಂತೆಯೇ ಕಾಗದಕ್ಕೆ ಬರುತ್ತದೆ.

ಅಮೆರಿಕದ ನರ್ತಕಿ ಲೋಯಿ ಫುಲ್ಲರ್ 1892ರಲ್ಲಿ ಪ್ಯಾರಿಸ್‌ನ ಮನರಂಜನಾ ರಂಗಮಂದಿರ ಫೋಲಿ ಬೆರ್ಜೇರ್‌ನಲ್ಲಿ ಕುಣಿಯತೊಡಗಿದಳು. ಉಡುಪಿನೊಳಗೆ ಹಿಡಿದ ಕೋಲುಗಳಿಂದ ಅಗಲವಾದ ರೇಷ್ಮೆಯನ್ನು ಬೀಸಿ ಸುತ್ತಿಸುತ್ತಿದ್ದ ಆಕೆಯ ಮೇಲೆ ಬಣ್ಣದ ವಿದ್ಯುದ್ದೀಪಗಳ ಬೆಳಕು ಬೀಳುತ್ತಿತ್ತು. 1893ರ ಲೊತ್ರೆಕ್‌ನ ಅಚ್ಚಿನಲ್ಲಿ ಇರುವುದು ಮೇಲಕ್ಕೆ ಉಬ್ಬಿದ ಒಂದು ಮೋಡ, ಪುಟ್ಟ ತಲೆ, ಕೆಳಗೆ ಕಾಲುಗಳ ಸುಳಿವು, ಮೂಲೆಯಲ್ಲಿ ವಾದ್ಯವೊಂದರ ಕತ್ತು, ಅಷ್ಟೇ. ಶಾಯಿಯನ್ನು ಸಣ್ಣ ಹನಿಗಳಾಗಿ ಸಿಡಿಸಿದ್ದರಿಂದ ಬಟ್ಟೆಗೆ ಅಂಚೇ ಇಲ್ಲದಂತಾಗಿದೆ. ಸುಮಾರು 60 ಪ್ರತಿಗಳಲ್ಲಿ ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಕೊಟ್ಟು, ಚಿನ್ನ ಅಥವಾ ಬೆಳ್ಳಿಯ ಪುಡಿ ಉದುರಿಸಲಾಯಿತು. ಆದ್ದರಿಂದ ಒಂದೇ ಪ್ರತಿಯನ್ನು ನೋಡಿ ಈ ಕೃತಿಯನ್ನು ಅರಿತೆವೆನ್ನುವುದು ಸಲ್ಲದು. ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದ ರಂಗದ ಬೆಳಕು ಪ್ರತಿಯಿಂದ ಪ್ರತಿಗೆ ಬದಲಾಗುವ ಬಣ್ಣದಲ್ಲಿ ಉಳಿದಿದೆ. ಮುದ್ರಣವೆಂದರೆ ಏಕರೂಪದ ನಕಲು ಎಂಬ ನಮ್ಮ ರೂಢಿಯ ತಿಳಿವಳಿಕೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ.

ಗಾಯಕಿ ಇವೆಟ್ ಗಿಲ್ಬೆರ್‌ಳ ಗುರುತು ಮೊಣಕೈ ದಾಟಿದ ಕಪ್ಪು ಕೈಗವಸು. ಆಕೆಯನ್ನು ಕುರಿತ ಲೊತ್ರೆಕ್‌ನ ಕಲ್ಲಚ್ಚುಗಳ 1894ರ ಆಲ್ಬಮಿನ ಹೊದಿಕೆಯ ಮೇಲೆ ಆಕೆಯೇ ಇಲ್ಲ, ಮೆಟ್ಟಿಲ ಮೇಲೆ ಬಿದ್ದ ಆ ಗವಸುಗಳಿವೆ. ಒಳಗಿನ ಅಚ್ಚುಗಳಲ್ಲಿ ಚೂಪು ಗಲ್ಲವೂ ಉದ್ದ ಕತ್ತೂ ವ್ಯಂಗ್ಯಚಿತ್ರದ ಅಂಚಿಗೆ ಬಂದಿವೆ. ತನ್ನನ್ನು ಇಷ್ಟು ಕುರೂಪಿಯಾಗಿಸಬೇಡವೆಂದು ಲೊತ್ರೆಕ್‌ನನ್ನು ಕೇಳಿಕೊಂಡು ಅವನ ಭಿತ್ತಿಪತ್ರದ ಕರಡನ್ನು ನಿರಾಕರಿಸಿದ್ದ ಗಿಲ್ಬೆರ್, ಈ ಆಲ್ಬಮಿನ 100 ಪ್ರತಿಗಳಿಗೂ ತಾನೇ ಸಹಿ ಹಾಕಿಕೊಟ್ಟಳು.