ರಿಟೇಲ್ ಕಂಪನಿಯಲ್ಲಿ ಸೈಬರ್ ಭದ್ರತೆಯ ಕೆಲಸ: ಬೆಳೆಯಲು ದಾರಿ ಇದೆಯೇ?

ಪ್ರಶ್ನೆ: ಸೈಬರ್ ಭದ್ರತೆಯಲ್ಲಿ ಎರಡು ವರ್ಷದ ಅನುಭವವಿದೆ. ನೂರಾರು ಮಳಿಗೆಗಳಿರುವ ದೊಡ್ಡ ರಿಟೇಲ್ ಕಂಪನಿಯೊಂದು ಕೆಲಸಕ್ಕೆ ಕರೆದಿದೆ. ಅಲ್ಲಿ ಎಂಜಿನಿಯರ್ ಆಗಿ ಬೆಳೆಯಬಹುದೇ ಅಥವಾ ಸಾಫ್ಟ್‌ವೇರ್ ಕಂಪನಿಗಾಗಿ ಕಾಯುವುದು ಒಳ್ಳೆಯದೇ?

ಉತ್ತರ: ಕಾಯಬೇಡಿ, ಸೇರಿಕೊಳ್ಳಿ. ಬಿಲ್ಲಿಂಗ್ ಯಂತ್ರ, ಗೋದಾಮಿನ ಸ್ಕ್ಯಾನರ್, ಮೊಬೈಲ್ ಆ್ಯಪ್, ಗಿಫ್ಟ್ ಕಾರ್ಡ್, ಹೊರಗಿನ ಪೂರೈಕೆದಾರರು ಎಲ್ಲವನ್ನೂ ಒಟ್ಟಿಗೆ ರಕ್ಷಿಸಬೇಕಾದ ಜಾಗಗಳು ಹೆಚ್ಚಿಲ್ಲ.

ಅಮೆರಿಕದ ಟಾರ್ಗೆಟ್ ಎಂಬ ರಿಟೇಲ್ ಸಂಸ್ಥೆಗೆ 2013ರ ಕೊನೆಯಲ್ಲಿ ಏನಾಯಿತೆಂದು ನೋಡಿ. ದಾಳಿಕೋರರು ಮೊದಲು ಕದ್ದದ್ದು ಶೈತ್ಯೀಕರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರ ಸಂಸ್ಥೆಯ ಲಾಗಿನ್ ವಿವರವನ್ನು. ಅಲ್ಲಿಂದ ಒಳನುಸುಳಿ ಬಿಲ್ಲಿಂಗ್ ಯಂತ್ರಗಳನ್ನು ತಲುಪಿದರು. ಗ್ರಾಹಕರು ಕಾರ್ಡ್ ಉಜ್ಜಿದಾಗ ಅದರ ಸಂಖ್ಯೆ ಯಂತ್ರದ ಮೆಮೊರಿಯಲ್ಲಿ ಕ್ಷಣಕಾಲ ಬಯಲಾಗಿ ಇರುತ್ತಿತ್ತು. ದುರುದ್ದೇಶದ ತಂತ್ರಾಂಶ ಆ ಕ್ಷಣಕ್ಕಾಗಿಯೇ ಹೊಂಚು ಹಾಕುತ್ತಿತ್ತು. ಸುಮಾರು 4 ಕೋಟಿ ಕಾರ್ಡ್‌ಗಳ ವಿವರ ಹೋಯಿತು. ಭದ್ರತಾ ಉಪಕರಣ ಎಚ್ಚರಿಕೆ ಕೊಟ್ಟಿತ್ತು, ಆದರೆ ಅದರ ಮೇಲೆ ಸಕಾಲದಲ್ಲಿ ಕ್ರಮವಾಗಲಿಲ್ಲ. ಮರುವರ್ಷ ಮಾಹಿತಿ ತಂತ್ರಜ್ಞಾನದ ಮುಖ್ಯಸ್ಥರೂ ಬಳಿಕ ಸಿಇಒ ಅವರೂ ಹುದ್ದೆ ಬಿಟ್ಟರು.

ನಿಮ್ಮ ವೃತ್ತಿಯ ದಾರಿಯನ್ನು ಈ ಘಟನೆಯಲ್ಲೇ ಓದಬಹುದು. ಆರಂಭ ಸಾಮಾನ್ಯವಾಗಿ ನಿಗಾ ಕೇಂದ್ರದಲ್ಲಿ: ಬರುವ ಎಚ್ಚರಿಕೆಗಳಲ್ಲಿ ನಿಜ ಯಾವುದು, ಸುಳ್ಳು ಯಾವುದು ಎಂದು ಬೇರ್ಪಡಿಸುವ ಕೆಲಸ. ಬೇಸರ ಹಿಡಿಸುತ್ತದೆ, ನಿಜ. ಆದರೂ ಅದನ್ನು ಕೀಳಾಗಿ ಕಾಣಬೇಡಿ; ಮಳಿಗೆಯ ಯಂತ್ರದ ಸಹಜ ವರ್ತನೆ ಯಾವುದೆಂಬುದು ಅಲ್ಲಿಯೇ ಮನಸ್ಸಿಗೆ ಹತ್ತುವುದು. ಮುಂದೆ ಎಚ್ಚರಿಕೆಯ ನಿಯಮಗಳನ್ನು ನೀವೇ ಬರೆಯುತ್ತೀರಿ, ಇಲ್ಲವೇ ಬಿಲ್ಲಿಂಗ್ ಜಾಲವನ್ನು ಉಳಿದ ಜಾಲದಿಂದ ಪ್ರತ್ಯೇಕಿಸುವ, ಗುತ್ತಿಗೆದಾರರ ಪ್ರವೇಶಕ್ಕೆ ಮಿತಿ ಹಾಕುವ ತಂಡಕ್ಕೆ ಹೋಗುತ್ತೀರಿ.

ನನ್ನನ್ನು ಕೇಳಿದರೆ, ಪಾವತಿಯ ಕಡೆಗೆ ವಾಲಿ. ಕಾರ್ಡ್ ವಹಿವಾಟಿನ ಭದ್ರತೆಗಿರುವ ಪಿಸಿಐ ಡಿಎಸ್‌ಎಸ್ ಮಾನದಂಡವನ್ನು ಹಲವರು ಬರೀ ಕಾಗದಪತ್ರದ ಕೆಲಸ ಎಂದುಕೊಳ್ಳುತ್ತಾರೆ. 2025ರ ಮಾರ್ಚ್ 31ರಿಂದ ಕಡ್ಡಾಯವಾದ ಅಂಶವೊಂದನ್ನೇ ತೆಗೆದುಕೊಳ್ಳಿ: ವೆಬ್‌ಸೈಟಿನ ಪಾವತಿ ಪುಟದಲ್ಲಿ ಓಡುವ ಪ್ರತಿಯೊಂದು ಸ್ಕ್ರಿಪ್ಟ್‌ಗೂ (ಸಣ್ಣ ಕೋಡ್ ತುಣುಕು) ಅನುಮತಿ ಇರಬೇಕು, ಅದು ಏಕೆ ಬೇಕೆಂಬ ಕಾರಣ ದಾಖಲಾಗಿರಬೇಕು. ಪಾಲಿಸಲು ಹೊರಟಾಗ ಜಾಹೀರಾತು ವಿಭಾಗದವರು ಎಂದೋ ಸೇರಿಸಿ ಮರೆತ ಸ್ಕ್ರಿಪ್ಟ್‌ಗಳು ಎದುರಾಗುತ್ತವೆ. ಅವನ್ನು ತೆಗೆಸಲು ಕೋಡ್ ಗೊತ್ತಿದ್ದರೆ ಸಾಲದು, ಆ ವಿಭಾಗದವರನ್ನು ಒಪ್ಪಿಸಲೂ ಬರಬೇಕು.

ಹಿರಿಯ ಎಂಜಿನಿಯರ್ ಹಂತದಲ್ಲಿ ದಾರಿ ಕವಲೊಡೆಯುತ್ತದೆ. ತಂತ್ರಜ್ಞಾನದಲ್ಲೇ ಉಳಿದು ಪ್ರಿನ್ಸಿಪಲ್ ಎಂಜಿನಿಯರ್ ಅಥವಾ ಭದ್ರತಾ ವ್ಯವಸ್ಥೆಯನ್ನು ರೂಪಿಸುವ ಆರ್ಕಿಟೆಕ್ಟ್ ಆಗಬಹುದು; ತಂಡ ನಡೆಸುತ್ತ ಮುಖ್ಯ ಮಾಹಿತಿ ಭದ್ರತಾ ಅಧಿಕಾರಿಯ ಹುದ್ದೆಯತ್ತಲೂ ಸಾಗಬಹುದು. ಸಿಐಎಸ್‌ಎಸ್‌ಪಿ ಎಂಬ ಹಿರಿಯ ಮಟ್ಟದ ಭದ್ರತಾ ಪ್ರಮಾಣಪತ್ರಕ್ಕೆ 5 ವರ್ಷದ ಅನುಭವ ಬೇಕು, ಸೂಕ್ತ ಪದವಿ ಇದ್ದರೆ ಒಂದು ವರ್ಷದ ವಿನಾಯಿತಿ ಇದೆ. ಈಗಲೇ ಅದರ ಬೆನ್ನು ಹತ್ತುವ ಆತುರ ಬೇಡ.

ಕಷ್ಟವನ್ನೂ ಹೇಳಬೇಕು. ಮಾರಾಟ ಏರುವ ತಿಂಗಳುಗಳಲ್ಲೇ ದಾಳಿಯೂ ಹೆಚ್ಚಬಹುದು; ಆದರೆ ಬಿಲ್ಲಿಂಗ್ ನಿಂತೀತೆಂಬ ಭಯಕ್ಕೆ ಆಗ ವ್ಯವಸ್ಥೆಯಲ್ಲಿ ಬದಲಾವಣೆಗಳನ್ನು ತಡೆಹಿಡಿಯುವುದು ರೂಢಿ. ಇನ್ನೊಂದೆಡೆ, ದಾಳಿ ಗೆದ್ದರೂ ವ್ಯಾಪಾರ ನಿಲ್ಲುತ್ತದೆ: 2025ರಲ್ಲಿ ಬ್ರಿಟನ್ನಿನ ರಿಟೇಲ್ ಕಂಪನಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್‌ಗೆ ದಾಳಿಯಿಂದಾಗಿ ಸುಮಾರು ಆರು ವಾರ ಆನ್‌ಲೈನ್ ಆರ್ಡರ್ ಪಡೆಯಲಾಗಲಿಲ್ಲ.

ಆದ್ದರಿಂದ ಸಂದರ್ಶನದಲ್ಲಿ ನೀವೂ ಒಂದು ಪ್ರಶ್ನೆ ಕೇಳಿ: ಹಬ್ಬದ ಮಾರಾಟದ ನಡುವೆ ಮಳಿಗೆಯೊಂದರ ಜಾಲವನ್ನು ಕಡಿದುಹಾಕಬೇಕಾಗಿ ಬಂದರೆ ಆ ಅಧಿಕಾರ ಯಾರದು? ಸ್ಪಷ್ಟ ಉತ್ತರ ಬಂದರೆ ಧೈರ್ಯವಾಗಿ ಸೇರಿ. ತಡವರಿಸಿದರೆ, ಆಗ ಮಾತ್ರ ಇನ್ನೊಮ್ಮೆ ಯೋಚಿಸಿ.